ಸ್ಮಾರಕ ನೋಡಿ ಬಂದ ಮೇಲಿನ ಸ್ನಾನ

ಊರಿಂದ ಯಾರೇ ಬಂದರೂ ಸಿಂಗಪುರ ತೋರಿಸುವ ಕೆಲಸ ನನ್ನದೇ. ಆ ಭಾನುವಾರ ಮೈಸೂರಿನ ಚಿಕ್ಕಮ್ಮನ ಸರದಿ. ಪಾರ್ಕಿನಲ್ಲಿರುವ ನಾಲ್ಕು ಎತ್ತರದ ಬಿಳಿ ಕಂಬಗಳ ಮುಂದೆ ಅವರನ್ನು ನಿಲ್ಲಿಸಿ ಫೋನ್ ತೆಗೆದೆ.

"ಸ್ವಲ್ಪ ನಗಿ, ಚಿಕ್ಕಮ್ಮ."

"ಏನೇ ಇದು?"

"ಯುದ್ಧದಲ್ಲಿ ಜಪಾನಿನ ಸೈನ್ಯ ಇಲ್ಲಿ ಸಾಮಾನ್ಯ ಜನರನ್ನ ಕೊಂದು ಹಾಕಿತಲ್ಲ, ಅವರ ಸ್ಮಾರಕ. ಗುರುತು ಸಿಗದವರ ಮೂಳೆಗಳನ್ನ ಇದರ ಕೆಳಗೇ ಇಟ್ಟಿದ್ದಾರೆ."

ಚಿಕ್ಕಮ್ಮ ನಗಲಿಲ್ಲ. ಸೆರಗು ಹೊದ್ದು ಕೈ ಮುಗಿದು, "ನಡಿ ಮನೆಗೆ" ಅಂದರು. ಹೋಟೆಲಲ್ಲಿ ಟೇಬಲ್ ಬುಕ್ ಮಾಡಿದ್ದೀನಿ ಅಂದರೂ ಕೇಳಲಿಲ್ಲ. ಮೆಟ್ರೊ ಹತ್ತಿ ವಾಪಸ್ ಹೊರಟೆವು.

ಕ್ಲೆಮೆಂಟಿಯಲ್ಲಿರುವ ನಮ್ಮ ಫ್ಲಾಟಿನ ಬಾಗಿಲು ತೆಗೆದಿದ್ದೇ ತಡ, ನೇರ ಬಚ್ಚಲಿಗೆ ನಡೆದರು. ನನಗೆ ರೇಗಿತು.

"ಅದೇನು ಸ್ಮಶಾನಾನಾ? ಮೈಲಿಗೆ ಆಗೋಕೆ ಅವರು ನಮಗೆ ನೆಂಟರಾ?"

"ಮೈಲಿಗೆ ಅಂತಲ್ಲ ಕಣೆ. ಯಾರಾದ್ರೂ ಹೋದ್ರು ಅಂದ್ರೆ ಸುದ್ದಿ ಕೇಳಿದ ನೆಂಟರು ತಲೆಗೆ ನೀರು ಹಾಕ್ಕೋತಾರೆ. ಇವರು ಯಾರು ಅಂತಲೇ ಗೊತ್ತಾಗಲಿಲ್ಲ ಅಂದ್ಯಲ್ಲ? ಅಂದ್ರೆ ಮನೆಯವರಿಗೆ ಸುದ್ದೀನೇ ಮುಟ್ಟಿಲ್ಲ. ನನಗೆ ಮುಟ್ಟಿತು."

ಬಚ್ಚಲ ಬಾಗಿಲು ಹಾಕಿಕೊಂಡಿತು. ನೀರಿನ ಸದ್ದು ಕೇಳುತ್ತಾ ಫೋನ್ ನೋಡಿದೆ. ಅದೇ ಕಂಬಗಳ ಮುಂದೆ ಸಾಲಾಗಿ ನಿಂತು ನಗುತ್ತಿರುವ ನಮ್ಮ ನೆಂಟರೆಲ್ಲ ಅದರಲ್ಲಿದ್ದರು.

ಚಿಕ್ಕಮ್ಮ ಹೊರಬಂದ ಮೇಲೆ ನಾನೂ ಟವೆಲ್ ತಗೊಂಡೆ. ಅಷ್ಟರಲ್ಲಿ ಹೋಟೆಲಿನವರ ಫೋನು, ಯಾಕೆ ಬರಲಿಲ್ಲ ಅಂತ.

"ನೆಂಟರು ತೀರಿಕೊಂಡ ಸುದ್ದಿ ಬಂತು" ಅಂದೆ.

"ಅಯ್ಯೋ, ಯಾವಾಗ?"

ಎಂಬತ್ತು ವರ್ಷದ ಹಿಂದೆ ಅನ್ನೋಕೆ ಬಾಯಿ ಬರಲಿಲ್ಲ.

"ನಮಗೆ ಇವತ್ತು ಗೊತ್ತಾಯ್ತು" ಅಂದೆ.