ನರೋಣಾಕ್ಕೆ ಬಂದ ಸಮುದ್ರದ ರಾಡ್

ಗೆಳೆಯರೇ, ಆನ್‌ಲೈನ್‌ನಲ್ಲಿ ಏನಾದರೂ ತರಿಸುವ ಮೊದಲು ವಿಳಾಸ ನೋಡಿಕೊಳ್ಳಿ. ಕಾರವಾರದ ನನ್ನ ಬಾಡಿಗೆ ಮನೆಗೆ ಹೋಗಬೇಕಿದ್ದ ಮೀನು ಹಿಡಿಯುವ ರಾಡ್ ಮತ್ತು ದಾರ ಸುತ್ತುವ ರೀಲ್ ಇವತ್ತು ಬೆಳಿಗ್ಗೆ, ಸಮುದ್ರದಿಂದ ಬಲು ದೂರದ ನಮ್ಮೂರು ನರೋಣಾದ ಮನೆಗೆ ಬಂದವು. ಅವ್ವನಿಗೆ ಮಿಕ್ಸರ್ ಕಳಿಸಿದಾಗಿನ ವಿಳಾಸ ಆ್ಯಪ್‌ನಲ್ಲಿ ಹಾಗೇ ಉಳಿದಿತ್ತು. ರಜೆಗೆ ಬಂದಿದ್ದ ನಾನು ಸ್ನಾನಕ್ಕೆ ಹೋಗಿದ್ದೆ. ಲಿಂಗಪೂಜೆ ಮುಗಿಸಿ ಎದ್ದ ಅವ್ವ, ಪರದೆಯ ಕೋಲಿರಬೇಕೆಂದು ಡಬ್ಬಿ ಬಿಚ್ಚಿದ್ದಾಳೆ. ಒಳಗಿನ ರೀಲ್ ಡಬ್ಬಿಯ ಮೇಲೆ ಮೀನಿನ ಚಿತ್ರ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅದು ಅವ್ವನ ಕೈಯಲ್ಲಿತ್ತು.

"ಲಿಂಗ ಕಟ್ಟಿಕೊಂಡು ಮೀನ ತಿನ್ನಾಕತ್ತೀಯೇನಲೇ?"

"ಇಲ್ಲಬೇ ಯವ್ವಾ, ತಿನ್ನೂದಿಲ್ಲ. ಹಿಡದು ವಾಪಸ್ ಸಮುದ್ರಕ್ಕ ಬಿಡ್ತೇನಿ."

ಅಲ್ಲಿಗೇ ಸುಮ್ಮನಿರಬೇಕಿತ್ತು. ಮರಳಿಗಂಟಿ ಮಲಗುವ ಚಪ್ಪಟೆ ಮೀನು ಬಾಯಿ ಹಾಕಿದ್ದು ಗೊತ್ತೇ ಆಗುವುದಿಲ್ಲ, ಅದಕ್ಕೇ ಇಷ್ಟು ಹಗುರ ರಾಡ್, ಇಷ್ಟು ಮೆತ್ತನೆಯ ತುದಿ, ಉಪ್ಪುನೀರಿಗೆ ತುಕ್ಕು ಹಿಡಿಯದ ಸಣ್ಣ ರೀಲ್ ಎಂದು, ಎರಡು ತಿಂಗಳು ಹುಡುಕಿ ಆರಿಸಿದ್ದನ್ನೆಲ್ಲ ಉತ್ಸಾಹದಿಂದ ವಿವರಿಸಿದೆ.

ಅವ್ವ ಪೂರ್ತಿ ಕೇಳಿದಳು. "ಹಸಿವಿಗಂತ ಹಿಡದಿದ್ರ ತಿಳೀತಿತ್ತಪ. ತಿನ್ನಾಂವಲ್ಲ ಅಂದ್‌ಮ್ಯಾಲ ಅದರ ಬಾಯಿಗೆ ಗಾಳ ಯಾಕ ಚುಚ್ತಿ?" ಎಂದು ಒಳಗೆ ಹೋದಳು.

ಒಳಗಿಂದ ರೊಟ್ಟಿ ಬಡಿಯುವ ಸದ್ದು. ರಾಡ್ ಅಂಗಳದ ಗೋಡೆಗೆ ಒರಗಿದೆ. ವಾಪಸ್ ಕಳಿಸಲೂ ಮನಸ್ಸಿಲ್ಲ, ಮುಟ್ಟಲೂ ಮನಸ್ಸಿಲ್ಲ.

ನೀರಿನಡಿಯ ಮೀನಿನ ಸಣ್ಣ ಮಿಸುಕಾಟವೂ ಕೈಗೆ ತಿಳಿಯಲಿ ಎಂದು ಆರಿಸಿದ ರಾಡ್ ಅದು. ಸಮುದ್ರವನ್ನೇ ನೋಡದ ಅವ್ವನಿಗೆ ಇಲ್ಲಿಂದಲೇ ತಿಳಿಯಿತು.