ಜೀನು ತೂಗುಹಾಕುತ್ತಿದ್ದ ಹಲಗೆ

ಹಳೆಯ ಕಟ್ಟಡ ಕೆಡವಿಸುವವರು ನನ್ನದೊಂದು ಮಾತು ಕೇಳಿ: ಒಳಗೆ ಕಾಲಿಟ್ಟು ನೋಡದೆ ಮರಮುಟ್ಟು ಯಾರಿಗೂ ಬಿಟ್ಟುಕೊಡಬೇಡಿ. ನಾನು ಬಿಟ್ಟುಕೊಟ್ಟಿದ್ದೆ. 2014ರ ಸುಮಾರಿಗೆ ಪೇರ್ಲ್ಯಾಂಡ್ ಆಚೆ ನಮ್ಮ ಕಿರಾಣಿ ಅಂಗಡಿಯ ಗೋದಾಮಿಗೆಂದು ಕೊಂಡ ಜಾಗದಲ್ಲಿ ಒಂದು ಮುರುಕು ಕುದುರೆ ಲಾಯವಿತ್ತು. "ಮರವೆಲ್ಲ ನಿನಗೇ, ಕೂಲಿ ಇಳಿಸು" ಎಂದು ಕಂಟ್ರಾಕ್ಟರನನ್ನು ಒಪ್ಪಿಸಿ, ಗೆದ್ದೆನೆಂದು ಬೀಗಿದೆ. ಹಳೇ ಹಲಗೆಗಳನ್ನು ಹೋಟೆಲ್ ಗೋಡೆಗೆ ಬಡಿಯುವ ಹುಚ್ಚು ಆಗ ಎದ್ದಿತ್ತು. ಅದು ಅವನಿಗೆ ಗೊತ್ತಿತ್ತು, ನನಗಿರಲಿಲ್ಲ.

ಲಾಯ ನೆಲಸಮವಾದ ಮರುದಿನ ಕಪ್ಪು ಜನಾಂಗದ ಹಿರಿಯರೊಬ್ಬರು ಕೋಲೂರಿಕೊಂಡು ಬಂದರು. ಖಾಲಿ ನೆಲ ನೋಡಿ ಹ್ಯಾಟ್ ತೆಗೆದರು.

"ಜೀನಿನ ಹಲಗೆ ಎಲ್ಲಿ?"

ಅವರ ತಂದೆ ರೇಸ್ ಕುದುರೆಗಳ ಜಾಕಿ. ದೊಡ್ಡ ರೇಸ್ ಕೋರ್ಸ್‌ಗಳಲ್ಲಿ ಕಪ್ಪು ಸವಾರರಿಗೆ ಕುದುರೆ ಕೊಡದ ಕಾಲ. ಊರಾಚೆ ಮಣ್ಣಿನ ಟ್ರ್ಯಾಕಿನಲ್ಲಿ ಆ ಸವಾರರು ತಮ್ಮ ರೇಸ್ ತಾವೇ ನಡೆಸುತ್ತಿದ್ದರು, ಜೀನುಗಳನ್ನು ಈ ಲಾಯದ ಒಂದು ಉದ್ದ ಹಲಗೆಯ ಗೂಟಗಳಿಗೆ ತೂಗುಹಾಕುತ್ತಿದ್ದರು. ಪ್ರತಿ ಗೂಟದ ಮೇಲ್ಗಡೆ, ಹಲಗೆಯಲ್ಲೇ, ಸವಾರನ ಹೆಸರನ್ನು ತಂದೆಯವರು ಕಾದ ಕಬ್ಬಿಣದಿಂದ ಸುಟ್ಟು ಬರೆದಿದ್ದರು.

"ಆ ರೇಸುಗಳ ಸುದ್ದಿ ಯಾವ ಪೇಪರಲ್ಲೂ ಬರಲಿಲ್ಲ, ತಮ್ಮಾ. ಅವರ ಹೆಸರು ಇರೋದು ಆ ಹಲಗೆ ಮೇಲೆ ಮಾತ್ರ."

ಚರ್ಚಿನ ಹಾಲ್‌ನಲ್ಲಿ ಆ ಸವಾರರ ನೆನಪಿಗೊಂದು ಪ್ರದರ್ಶನ ಸಿದ್ಧವಾಗುತ್ತಿತ್ತಂತೆ. ಲಾಯ ಬೀಳುವಾಗ ಹಲಗೆ ಕೊಡುತ್ತೇನೆಂದು ಹಳೆಯ ಮಾಲೀಕ ಮಾತು ಕೊಟ್ಟಿದ್ದ. ಲಾಯ ಬೀಳುವ ಹೊತ್ತಿಗೆ ಇವರು ಮಂಡಿ ಆಪರೇಷನ್ ಆಗಿ ಡಲ್ಲಾಸ್‌ನಲ್ಲಿ ಮಗಳ ಮನೆಯಲ್ಲಿದ್ದರು.

ಕಂಟ್ರಾಕ್ಟರನಿಗೆ ಫೋನ್ ಮಾಡಿದೆ. ನಕ್ಕ. "ನಿಮ್ಮದೇ ಮಾತಲ್ವಾ ಸರ್, ಮರವೆಲ್ಲ ನನ್ನದು ಅಂತ? ಆಸ್ಟಿನ್‌ನ ಮರದ ವರ್ಕ್‌ಶಾಪಿಗೆ ಹೋಯ್ತು. ಇವತ್ತೇ ಮಷಿನ್‌ಗೆ ಕೊಟ್ಟು ಹೆರೀತಾರೆ."

ಹೆರೆದರೆ ಹೆಸರುಗಳೂ ಹೋದವು. ವರ್ಕ್‌ಶಾಪಿನಲ್ಲಿ ಯಾರೂ ಫೋನ್ ಎತ್ತಲಿಲ್ಲ. ಹಿರಿಯರನ್ನೂ ಕರೆದುಕೊಂಡು ಅಂಗಡಿಯ ವ್ಯಾನ್ ಹತ್ತಿದೆವು. ಹೆಂಡತಿ ಡ್ರೈವ್ ಮಾಡಿದಳು. ನಾನು ಫೋನ್ ಒತ್ತುತ್ತಲೇ ಇದ್ದೆ.

"ನಿಮ್ಮ ಚೌಕಾಸಿ ನಮ್ಮನ್ನ ಎಲ್ಲಿ ತನಕಾ ಓಡಸ್ತದ ನೋಡ್ರಿ!" ಎಂದಳು ಕನ್ನಡದಲ್ಲಿ.

"ನೀ ಸುಮ್ನ ರೋಡ್ ನೋಡು."

"ಏನಂತಾರೆ?" ಎಂದರು ಹಿರಿಯರು.

"ಬೇಗ ಮುಟ್ಟತೀವಿ ಅಂತಾಳೆ."

"ಹೆಂಡತಿ ಜೊತೆ ಬಾಳಿದವನು ನಾನು. ಈ ದನಿಗೆ ಭಾಷೆ ಬೇಕಾಗಿಲ್ಲ."

ವರ್ಕ್‌ಶಾಪ್ ಮುಟ್ಟಿದಾಗ ಮಷಿನ್ ಅರಚುತ್ತಿತ್ತು. ಹೆರೆದ ಹಲಗೆಗಳು ಬೆಳ್ಳಗೆ ಒಂದು ಕಡೆ ಬಿದ್ದಿದ್ದವು. ನಮ್ಮದು ಮೇಜಿನ ಮೇಲಿತ್ತು. ಗೂಟ ಕಿತ್ತಿದ್ದರು, ಮೊಳೆ ಕೀಳುವುದು ಬಾಕಿಯಿತ್ತು. ಹಿರಿಯರ ಕಿವಿಯಲ್ಲಿ, "ಮುಖದಲ್ಲಿ ಆಸೆ ತೋರಿಸಬೇಡಿ, ಮಾತು ನನಗೆ ಬಿಡಿ" ಎಂದೆ. ಕೊಳ್ಳುವ ಮಾಲನ್ನು ಮೊದಲು ತೆಗಳಬೇಕು. ಅಂಗಡಿ ಬೆಳೆಸಿದ್ದೇ ಹಾಗೆ.

"ಇದನ್ನ ಏನ್ ಮಾಡ್ತೀರಿ?" ಎಂದೆ ಗಡ್ಡದ ಮಾಲೀಕನಿಗೆ. "ಈ ತುದಿ ನೋಡಿ, ಪೂರಾ ಹುಳ ಹಿಡಿದಿದೆ."

"ಹೌದಲ್ಲ! ನಾನು ನೋಡೇ ಇರಲಿಲ್ಲ." ಗರಗಸಕ್ಕೆ ಕೈ ಹಾಕಿದ. "ಅಷ್ಟು ಕತ್ತರಿಸಿ ಎಸೆದರಾಯ್ತು."

ಹಿರಿಯರ ಕೋಲು ನೆಲಕ್ಕೆ ಬಿತ್ತು. ಆ ತುದಿಯ ಮೇಲೆ ಎರಡೂ ಅಂಗೈ ಊರಿ ಬಾಗಿದರು.

"ಇಲ್ಲಿ ನಮ್ಮಪ್ಪ ಇದಾರೆ."

ಬಿದ್ದ ಕೋಲನ್ನು ನಾನು ಎತ್ತಿಕೊಂಡೆ. ಅವರು ಧೂಳು ಒರೆಸಿ, ಬೆರಳಿನಿಂದ ತಡವುತ್ತ ಒಂದೊಂದೇ ಹೆಸರು ಓದತೊಡಗಿದರು. ಕೇಳಿಸಲೆಂದು ಮಾಲೀಕ ಮಷಿನ್ ಆಫ್ ಮಾಡಿಸಿದ.

ಓದಿ ಮುಗಿದ ಮೇಲೆ ಅವನೆಂದ: "ತಗೊಂಡು ಹೋಗಿ. ಆದರೆ ನನಗೂ ಆರ್ಡರ್ ಇದೆ, ಇಷ್ಟೇ ಉದ್ದದ ಹಳೇ ಹಲಗೆ ಬೇಕು."

ನಮ್ಮ ರಿಚರ್ಡ್‌ಸನ್ ಅಂಗಡಿಯ ಹಳೇ ಓಕ್ ಕೌಂಟರಿನ ಹಲಗೆ ನೆನಪಾಯಿತು. ಒಳ್ಳೆಯ ಚೌಕಾಸಿಯಲ್ಲಿ ಹೊಡೆದದ್ದು. ಬಂದವರಿಗೆಲ್ಲ ತೋರಿಸಿ ಹೆಮ್ಮೆಪಡುತ್ತಿದ್ದೆ. ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ನಾಳೆ ಕಳಿಸ್ತೀನಿ," ಎಂದೆ.

ಹಲಗೆಗೆ ಅಕ್ಕಿ ಚೀಲ ಸುತ್ತಿ ವ್ಯಾನಿನಲ್ಲಿಟ್ಟೆವು. ದಾರಿಯುದ್ದಕ್ಕೂ ಹುಳ ಹಿಡಿದ ತುದಿ ಹಿರಿಯರ ತೊಡೆಯ ಮೇಲಿತ್ತು.

"ಗೂಟದ ತೂತು ಖಾಲಿ ಕಾಣ್ತಾವೆ. ಹೊಸವು ಹಾಕಿಸೋಣ. ನನಗೊಬ್ಬ ಬಡಗಿ ಗೊತ್ತು, ಕಡಿಮೆಗೇ ಒಪ್ಪಿಸ್ತೀನಿ," ಎಂದೆ.

"ಬೇಡ ತಮ್ಮಾ," ಎಂದು ಅವರು ಹಲಗೆಯನ್ನು ತಮ್ಮತ್ತ ಎಳೆದುಕೊಂಡರು. "ನೀನು ಚೌಕಾಸಿ ಮಾಡೋದನ್ನ ನೋಡಿದೀನಿ."