ಬಾತುಕೋಳಿ ಕೂಗದ ದಿನ

ಚಳ್ಳಕೆರೆಯ ನಮ್ಮ ಡ್ರಾಯಿಂಗ್ ರೂಮಿನಲ್ಲಿ ಆಗ ಒಂದು ಬಾತುಕೋಳಿ ಫೋನ್ ಇತ್ತು. ಕಾರ್ಟೂನ್ ಬಾತು: ಕೊಕ್ಕಿನ ಮೇಲೆ ಕನ್ನಡಕ, ಬೆನ್ನೇ ರಿಸೀವರ್. ಕರೆ ಬಂದರೆ ಕ್ವ್ಯಾಕ್ ಕ್ವ್ಯಾಕ್ ಎನ್ನುತ್ತಿತ್ತು. ನನ್ನವರು ಬಾಂಬೆಯಿಂದ ತಂದದ್ದು. ನನಗೋ ಅದೊಂದು ಪ್ರೈಡ್.

ಬೀದಿಗೆಲ್ಲ ನಮ್ಮದೊಂದೇ ಫೋನ್. ಅಕ್ಕಪಕ್ಕದವರು ನೆಂಟರಿಗೆ ನಮ್ಮ ನಂಬರನ್ನೇ ಕೊಟ್ಟು ಮುಂದೆ 'ಪಿ.ಪಿ.' ಎಂದು ಬರೆಸುತ್ತಿದ್ದರು. ಕರೆ ಬಂದರೆ ನಾವು ಹೋಗಿ ಕರೆಯಬೇಕು. ಹಿಂದಿನ ಓಣಿಯಲ್ಲಿ ಕಂಬಳಿ ನೇಯುತ್ತಿದ್ದವಳೂ ಕೊಟ್ಟಿದ್ದಳು. ಅವಳ ಮಗಳು ಮೊಳಕಾಲ್ಮೂರಿನ ಸೊಸೆ, ತುಂಬಿದ ಬಸುರಿ. ಚೊಚ್ಚಲು ತವರಿನಲ್ಲಾಗಿತ್ತು, ಇದು ಗಂಡನ ಮನೆಯಲ್ಲಿ. ನೋವು ಶುರುವಾದ ಕೂಡಲೇ ಅಳಿಯ ಫೋನ್ ಮಾಡುವುದು, ಇವಳು ಬಸ್ಸು ಹತ್ತುವುದು ಎಂದು ಮಾತಾಗಿತ್ತು.

ನನ್ನ ಕಾನ್ವೆಂಟ್ ಫ್ರೆಂಡ್ಸ್ ಟೀಗೆ ಬಂದಿದ್ದಾಗಲೇ ಅವಳು ಬಾಗಿಲಿಗೆ ಬಂದಳು, ಸೆರಗಿಗೆಲ್ಲ ಉಣ್ಣೆ. "ಬಾತು ಕೂಗ್ತೇನ್ರಿ ಅಮ್ಮಾ?"

"ನಿನ್ನ ಡ್ರಾಯಿಂಗ್ ರೂಮ್ ಎಸ್‌ಟಿಡಿ ಬೂತ್ ಆಯ್ತಲ್ಲೇ," ಎಂದಳು ಒಬ್ಬ ಗೆಳತಿ. ನಾನೂ ನಕ್ಕೆ. ಕಂಬಳಿಯವಳು ಹೋದ ಮೇಲೆ ಬಾತಿನ ಹೊಟ್ಟೆಯಡಿಯ ಕೂಗಿನ ಸ್ವಿಚ್ ಆಫ್ ಮಾಡಿದೆ. ಮತ್ತೆ ಆನ್ ಮಾಡಲು ಮರೆತೆ.

ಮೂರನೇ ದಿನ ಅಳಿಯನೇ ಬಂದ. ಗಂಡುಮಗುವಂತೆ. ಹೆರಿಗೆ ಕಷ್ಟವಾಗಿ ಮಗಳು ಅವ್ವ ಅವ್ವ ಎಂದು ಕೂಗಿಕೊಂಡಿದ್ದಳಂತೆ. ಅತ್ತೆಯನ್ನು ಕರೆದುಕೊಂಡು ನಮ್ಮ ಬಾಗಿಲಿಗೇ ಬಂದು, "ಎಷ್ಟು ಸಲ ಮಾಡಿದೆ. ರಿಂಗ್ ಆಗ್ತಿತ್ತು, ಯಾರೂ ಎತ್ಲಿಲ್ಲ," ಎಂದ. ಆಗ ಸ್ವಿಚ್ ನೆನಪಾಯಿತು. ಇಬ್ಬರೂ ನನ್ನ ಮುಖ ನೋಡುತ್ತಿದ್ದರು.

"ಫೋನ್ ಬರಲೇ ಇಲ್ಲ," ಎಂದೆ.

ಅಳಿಯನನ್ನು ಅಲ್ಲಿಯವರೆಗೆ ಬಹುವಚನದಲ್ಲೇ ಮಾತಾಡಿಸುತ್ತಿದ್ದವಳು ತಿರುಗಿ, "ಕೇಳಿಸ್ಕಂಡ್ಯಾ? ಅಮ್ಮಾರು ಓದಿದೋರು, ಸುಳ್ಳು ಹೇಳ್ತಾರಾ? ನಾನು ಬರಾದು ನಿನಗೆ ಬ್ಯಾಡಾಗಿತ್ತು," ಎಂದಳು.

ಸ್ವಿಚ್ ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿತ್ತು. ಅಂದಿನಿಂದ ಅತ್ತೆ ಅಳಿಯನ ಮನೆಗಳ ನಡುವೆ ಹೋಗಿಬರುವುದು ನಿಂತಿತು. ಆ ಮೊಮ್ಮಗನನ್ನು ಅವಳು ಮೊದಲು ಕಂಡದ್ದು ಅವನು ಶಾಲೆಗೆ ಸೇರಿದ ಮೇಲೆ.

ಈ ವರ್ಷ ಸೀರೆಗೆಂದು ಮೊಳಕಾಲ್ಮೂರಿಗೆ ಹೋದಾಗ ಒಂದು ಮಗ್ಗದ ಮನೆಯಲ್ಲಿ ಆ ಅಳಿಯ ಸಿಕ್ಕ. ತಲೆ ನರೆತಿತ್ತು. ನನಗೆ ಕುರ್ಚಿ ಹಾಕಿ, ಅತ್ತೆ ತೀರಿಕೊಂಡದ್ದನ್ನು ಹೇಳಿದ. ನಾನು ಸ್ವಿಚ್ಚಿನ ವಿಷಯ ಹೇಳಿದೆ. ಕೊನೆಗೆ, "ಐ ಆಮ್ ಸೋ ಸಾರಿ," ಎಂದೆ. ಅಂಥ ಮಾತು ನನಗೆ ಇಂಗ್ಲಿಷಿನಲ್ಲೇ ಬರುವುದು.

ಅವನು ಲಾಳಿ ಕೆಳಗಿಟ್ಟ. "ನಾನು ಫೋನ್ ಮಾಡಿದ್ದು ನನಗೆ ಗೊತ್ತೈತಲ್ರಮ್ಮ. ನಮ್ಮತ್ತೆಗೆ ಹೇಳ್ಬೇಕಿತ್ತು."

ಒಳಕ್ಕೆ ತಿರುಗಿ ಹೆಂಡತಿಯನ್ನು ಕೂಗಿದ. "ಬಾರೇ ಇಲ್ಲಿ. ಅಮ್ಮಾರು ನಿನಗೊಂದು ಮಾತು ಹೇಳಾದೈತೆ."

ಕೈ ಒರೆಸಿಕೊಳ್ಳುತ್ತ ಕಂಬಳಿಯವಳ ಮಗಳು ಬಂದು ನಿಂತಳು. ಮುಖ ಥೇಟ್ ಅವ್ವನದೇ.